ಡಫ್‌ಗೆ ಹಾಕಿದ ಎಣ್ಣೆ

ಆಲ್ಮಾ ಟಿಜ್ಜರ್ಡ್ ಯಾರ ಮಾತನ್ನೂ ನಂಬುವ ಹೆಂಗಸಲ್ಲ. ಡಾಕ್ಟರ ಮಾತು, ಪಾದ್ರಿಯ ಮಾತು, ರೇಡಿಯೊದಲ್ಲಿ ನಾಳೆಯ ಗಾಳಿ ಹೇಳುವವನ ಮಾತು, ಯಾವುದೂ ಅವಳ ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಅವಳು ನಂಬುತ್ತಿದ್ದುದು ತನ್ನ ಮೂಗನ್ನು ಮಾತ್ರ. ಹೇಕ್ ಕೋವ್ ಎಂಬ ಆ ಮೀನುಗಾರರ ಊರಿನ ಕೆಲವರು ಇದನ್ನು ಸ್ವಾಭಿಮಾನ ಎನ್ನುತ್ತಿದ್ದರು. ಅದು ಬರೀ ಹಠ.

ಆ ಮೂಗಿಗೆ ಒಂದು ಚರಿತ್ರೆ ಇತ್ತೆಂಬುದೇನೋ ನಿಜ. ಊರಿನ ಮೀನು ಕಾರ್ಖಾನೆ ಮುಚ್ಚುವವರೆಗೆ ಹತ್ತೊಂಬತ್ತು ವರ್ಷ ಆಲ್ಮಾ ಅಲ್ಲಿ ಮೀನಿನ ದರ್ಜೆ ಹೇಳುವ ಕೆಲಸ ಮಾಡಿದ್ದಳು. ದೋಣಿಗಳಿಂದ ಬಂದ ಪೆಟ್ಟಿಗೆ ಅವಳ ಮುಂದೆ ನಿಲ್ಲಬೇಕು, ಅವಳು ಒಂದು ಮೀನನ್ನೆತ್ತಿ ಕಿವಿರು ಬಿಡಿಸಿ ಮೂಸಬೇಕು, ಹೆಬ್ಬೆರಳು ಮೇಲೆ ಅಥವಾ ಕೆಳಗೆ ಮಾಡಬೇಕು. ಅಷ್ಟೇ. ಮೇಲ್ವಿಚಾರಕ ಕೂಡ ಎರಡನೆಯ ಸಲ ಮೂಸುತ್ತಿರಲಿಲ್ಲ. ೧೯೮೭ರ ಜುಲೈನಲ್ಲಿ ಅವಳು ತನ್ನ ಸ್ವಂತ ಮೈದುನ ಸೆಲ್ಬಿಯ ಇಡೀ ದೋಣಿಯ ಮೀನನ್ನು ಎರಡನೇ ದರ್ಜೆಗೆ ತಳ್ಳಿದ್ದಳು.

"ಇವತ್ತು ಬೆಳಗ್ಗೆ ಹಿಡಿದದ್ದು ಅತ್ತಿಗೆ, ದೇವರಾಣೆಗೂ!" ಎಂದು ಸೆಲ್ಬಿ ಕೂಗಾಡಿದ್ದ.

"ಇರಬಹುದು. ಬೆಳಗ್ಗೆಯಿಂದ ಬಿಸಿಲಲ್ಲಿ ಮಲಗಿಸಿ ಜೋಗುಳ ಹಾಡ್ತಾ ಕೂತಿದ್ಯಾ?" ಎಂದಿದ್ದಳು ಆಲ್ಮಾ.

ಸಾಲಿನಲ್ಲಿ ನಿಂತಿದ್ದ ಮೂವತ್ತು ಹೆಂಗಸರು ಚಾಕು ಕೆಳಗಿಟ್ಟು ನಕ್ಕಿದ್ದರು. ಆ ಊರಿನಲ್ಲಿ ಸೆಲ್ಬಿಗೆ ಅರವತ್ತಾರು ತುಂಬಿದ ಮೇಲೂ ಅವನನ್ನು ಕಂಡರೆ ಯಾರಾದರೊಬ್ಬರು ಜೋಗುಳ ಗುನುಗುತ್ತಿದ್ದರು.

ಈಗ ಯಾರಿಗೂ ತಿಳಿಯದ ಸಂಗತಿ. ಆಲ್ಮಾಳ ಮೂಗು ಸತ್ತು ಎರಡು ವರ್ಷವಾಗಿತ್ತು. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಬಂದ ಜ್ವರ ಎಂಟು ದಿನಕ್ಕೆ ಬಿಟ್ಟಿತು. ಒಂಬತ್ತನೆಯ ದಿನ ಅವಳು ಒಲೆಯಲ್ಲಿ ಬ್ರೆಡ್ ಇಟ್ಟು ಅಲ್ಲೇ ಪಕ್ಕದಲ್ಲಿ ಹೆಣೆಯುತ್ತ ಕುಳಿತಿದ್ದಳು. ಬ್ರೆಡ್ ಕರಿ ಇದ್ದಿಲಾದದ್ದು ಅವಳಿಗೆ ತಿಳಿದದ್ದು ಹೊಗೆ ಕಣ್ಣಿಗೆ ಬಿದ್ದಾಗ. ಅವಳು ಇದ್ದಿಲನ್ನು ಸಮುದ್ರಕ್ಕೆ ಎಸೆದಳು, ಕಿಟಕಿ ತೆರೆದಳು, ಯಾರಿಗೂ ಹೇಳಲಿಲ್ಲ. ನೆರೆಯವರು ಈಗಲೂ ಸಾಲ್ಮನ್ ಮೀನು ತಂದು, "ಆಲ್ಮಾ, ಇದು ಸರಿಯಿದೆಯಾ ನೋಡಿ" ಎಂದು ಕೇಳುತ್ತಿದ್ದರು. ಅವಳು ಮೀನಿನ ಕಣ್ಣು ನೋಡುತ್ತಿದ್ದಳು, ಕಿವಿರಿನ ಬಣ್ಣ ನೋಡುತ್ತಿದ್ದಳು, ಬೆರಳಿನಿಂದ ಒತ್ತಿ ಮಾಂಸ ಮೇಲೇಳುತ್ತದೋ ಎಂದು ನೋಡುತ್ತಿದ್ದಳು. ಕೊನೆಯಲ್ಲಿ ಮೂಗು ಹತ್ತಿರ ತರುತ್ತಿದ್ದಳು, ಅದು ಬರೀ ನೋಡುವವರಿಗಾಗಿ.

ತೊಂದರೆ ಶುರುವಾದದ್ದು ನಾಯಿಯ ಎಣ್ಣೆಯಿಂದ.

ನಾಯಿಯ ಹೆಸರು ಡಫ್. ಕಪ್ಪು, ಮೂವತ್ನಾಲ್ಕು ಕಿಲೋ, ಏಳು ವರ್ಷ. ಆಲ್ಮಾಳ ಗಂಡ ಗಾರ್ಫೀಲ್ಡ್ ಸಾಯುವ ಹಿಂದಿನ ವರ್ಷ ಅದನ್ನು ಕೋಟಿನೊಳಗೆ ಇಟ್ಟುಕೊಂಡು ತಂದಿದ್ದ. ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಭಾನುವಾರದ ಕಡುಬಿನಂತೆ ಗುಂಡಗಿತ್ತೆಂದು ಆ ಕಡುಬಿನ ಹೆಸರನ್ನೇ ಇಟ್ಟರು. ಮೂರು ವರ್ಷದ ಕೆಳಗೆ ಅದರ ಚರ್ಮ ಒಣಗಿ ಹೊಟ್ಟು ಉದುರತೊಡಗಿತು, ದಿನವಿಡೀ ಕೆರೆತ. ಕ್ಲಾರೆನ್‌ವಿಲ್ ಪಟ್ಟಣದ ಪಶುವೈದ್ಯೆ ಡಾಕ್ಟರ್ ಕೀಪಿಂಗ್ ಊಟಕ್ಕೆ ಮೀನೆಣ್ಣೆ ಬೆರೆಸಲು ಹೇಳಿದಳು. ಅದರಲ್ಲಿರುವ ಒಮೇಗಾ ಕೊಬ್ಬಿನಾಮ್ಲ ನಾಯಿಯ ಚರ್ಮಕ್ಕೂ ಕೀಲಿಗೂ ಒಳ್ಳೆಯದಂತೆ. ಆಲ್ಮಾ ಅಂಗಡಿಯಿಂದ ಸಾಲ್ಮನ್ ಎಣ್ಣೆ ತಂದಳು, ಮುಚ್ಚಳ ತೆಗೆದು ಮೂಸಿದಳು, ಕಮಟು ಹತ್ತಿದ ಎರಡು ಬಾಟಲಿಯನ್ನು ವಾಪಸು ಕೊಟ್ಟು ಮೂರನೆಯದನ್ನು ಇಟ್ಟುಕೊಂಡಳು. ಎರಡು ತಿಂಗಳಲ್ಲಿ ಡಫ್‌ನ ಮೈ ಕನ್ನಡಿಯಾಯಿತು.

ಮೂಗು ಹೋದ ಮೇಲೆ ಹೊಸ ಬಾಟಲಿ ತೆರೆದಾಗಲೆಲ್ಲ ಅವಳ ಕೈ ಓಡುತ್ತಿರಲಿಲ್ಲ. ಮೀನಿಗಾದರೆ ಕಣ್ಣಿದೆ, ಕಿವಿರಿದೆ. ಬಾಟಲಿಯ ಎಣ್ಣೆಗೆ ಏನಿದೆ? ಕಮಟು ಎಣ್ಣೆ ನಾಯಿಯ ಹೊಟ್ಟೆ ಕೆಡಿಸುತ್ತದೆ. ಯಾರನ್ನಾದರೂ ಕರೆದು ಮೂಸಿಸಬಹುದಿತ್ತು. ಅದು ಅವಳಿಂದ ಆಗುವ ಕೆಲಸವಾಗಿರಲಿಲ್ಲ. ಒಂದೂವರೆ ವರ್ಷ ಹೀಗೇ ಅಳುಕುತ್ತ ದೂಡಿ, ಕಳೆದ ಸೆಪ್ಟೆಂಬರಿನಲ್ಲಿ ಅಂಗಡಿಯ ಎಣ್ಣೆ ಬಿಟ್ಟಳು. ಪಕ್ಕದ ಮನೆಯಲ್ಲಿದ್ದ ಸೆಲ್ಬಿ ಪ್ರತಿ ವರ್ಷ ಕಾಡ್ ಮೀನಿನ ಲಿವರನ್ನು ಸಣ್ಣ ಉರಿಯಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಹಳೆಯ ರಮ್ ಬಾಟಲಿಗಳಿಗೆ ತುಂಬುತ್ತಿದ್ದ. ಮೀನು ದೋಣಿಕಟ್ಟೆಗೆ ಬಂದು ಬೀಳುವುದನ್ನು ಅವಳು ಕಿಟಕಿಯಿಂದಲೇ ನೋಡಬಹುದಿತ್ತು. ಕಣ್ಣಾರೆ ಕಂಡ ಮೀನು, ಕಣ್ಣಾರೆ ಕಂಡ ಲಿವರ್. ಮೂಸುವ ಅಗತ್ಯವೇ ಇಲ್ಲ. ಹೇಕ್ ಕೋವ್‌ನಲ್ಲಿ ಹುಟ್ಟಿದ ಪ್ರತಿ ಮಗುವೂ ಆ ಎಣ್ಣೆ ಕುಡಿದು, ಮುಖ ಹಿಂಡಿ, ದೊಡ್ಡದಾಗಿತ್ತು. ನಾಯಿಗೆ ಏನಾದೀತು?

ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಅವಳು ಡಫ್‌ನ ಊಟದ ಮೇಲೆ ಬಾಟಲಿ ಬಗ್ಗಿಸುತ್ತಿದ್ದಳು. ಅಳತೆ ಮಾಡಲು ಅದೇನು ಔಷಧಿಯೇ?

ಜನವರಿಯಲ್ಲಿ ಡಫ್ ಸೆಲ್ಬಿಯ ಪಿಕಪ್ ಗಾಡಿಗೆ ಹಾರುವುದನ್ನು ಬಿಟ್ಟಿತು. ಫೆಬ್ರವರಿಯಲ್ಲಿ ಕತ್ತು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸಿ ನೋಡತೊಡಗಿತು. ಕೀಲು ಹಿಡಿದಿರಬೇಕು, ಕೀಲಿಗೆ ಎಣ್ಣೆ ಒಳ್ಳೆಯದು ಎಂದು ಆಲ್ಮಾ ಬಾಟಲಿಯನ್ನು ಇನ್ನಷ್ಟು ಬಗ್ಗಿಸಿದಳು. ಮಾರ್ಚ್ ಕೊನೆಗೆ ನಾಯಿಗೆ ತಟ್ಟೆಯವರೆಗೆ ತಲೆ ತಗ್ಗಿಸಲಾಗಲಿಲ್ಲ. ಅವಳು ಬಕೆಟ್ ಬೋರಲು ಹಾಕಿ ಅದರ ಮೇಲೆ ತಟ್ಟೆ ಇಟ್ಟಳು. ಕತ್ತಿನ ಪಟ್ಟಿ ಸರಿಮಾಡಲು ಕೈ ಹಾಕಿದಾಗ ಡಫ್ ಕಿರುಚಿಕೊಂಡಿತು. ಏಳು ವರ್ಷದಲ್ಲಿ ಅದು ಅವಳ ಕೈಗೆ ಕಿರುಚಿದ್ದು ಅದೇ ಮೊದಲು.

ಸೆಲ್ಬಿ ಬಾಗಿಲಲ್ಲಿ ನಿಂತು ನೋಡಿದ. "ಅತ್ತಿಗೆ, ನಮ್ಮ ಸ್ಕಿಫ್‌ಗೂ ಶುರುವಾಗಿದ್ದು ಹೀಗೇ."

ಸ್ಕಿಫ್ ಅವನ ಹಿಂದಿನ ನಾಯಿ. ಬೆನ್ನುಮೂಳೆಯಲ್ಲಿ ಗಡ್ಡೆಯಾಗಿ, ಸೂಜಿ ಚುಚ್ಚಿಸಿ ನೋವಿಲ್ಲದೆ ಸಾಯಿಸಬೇಕಾಗಿ ಬಂದಿತ್ತು.

"ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ?" ಎಂದಳು ಆಲ್ಮಾ. ಆದರೆ ಆ ವಾರ ಅವಳು ಎರಡು ಸಲ ಮಾಡಿದ ಸಾರು ಎರಡು ಸಲವೂ ಪಾತ್ರೆಯಲ್ಲೇ ಉಳಿಯಿತು. ಏಪ್ರಿಲ್ ಮೊದಲ ಸೋಮವಾರ ಅವಳೇ ಸೆಲ್ಬಿಯ ಬಾಗಿಲು ತಟ್ಟಿದಳು. "ಗಾಡಿ ತೆಗಿ. ಏನಾದ್ರೂ ಆಗ್ಲಿ, ತಿಳಿದುಬಿಡ್ಲಿ."

ಒಂದೂವರೆ ಗಂಟೆಯ ದಾರಿಯಲ್ಲಿ ಅವಳು ಹಿಂದಿನ ಸೀಟಿನಲ್ಲಿ ಕುಳಿತು, ಡಫ್‌ನ ತಲೆ ಕುಲುಕದಂತೆ ಎರಡು ಕೈಯಲ್ಲೂ ಹಿಡಿದಿದ್ದಳು.

ಡಾಕ್ಟರ್ ಕೀಪಿಂಗ್‌ಗೆ ಮೂವತ್ತೈದು ದಾಟಿರಲಿಲ್ಲ. ನಾಯಿಯ ಕತ್ತು ಮುಟ್ಟಿದಳು, ಮುಂಗಾಲು ಮಡಿಸಿ ನೋಡಿದಳು, ಎಕ್ಸ್‌ರೇಗೆ ಒಳಗೆ ಕರೆದೊಯ್ದಳು. ನಲವತ್ತು ನಿಮಿಷ ಆಲ್ಮಾ ಗೋಡೆಯ ಮೇಲಿದ್ದ ಬೆಕ್ಕಿನ ಹಲ್ಲಿನ ಚಿತ್ರಪಟವನ್ನು ನೋಡಿದಳು. ಸೆಲ್ಬಿ ಟೋಪಿ ಹಿಂಡುತ್ತ ಕುಳಿತಿದ್ದ, ಒಂದು ಹಾಸ್ಯವನ್ನೂ ಮಾಡಲಿಲ್ಲ.

"ಗಡ್ಡೆ ಇಲ್ಲ," ಎಂದಳು ಡಾಕ್ಟರ್ ಹೊರಗೆ ಬಂದವಳೇ.

ಆಲ್ಮಾ ಸೆಲ್ಬಿಯ ಕಡೆ ತಿರುಗಿ ನೋಡಿದಳು, ಗಡ್ಡೆಯನ್ನು ಅವನೇ ತಂದಿಟ್ಟಿದ್ದ ಎನ್ನುವ ಹಾಗೆ.

"ಆದ್ರೆ ಕತ್ತಿನ ಮೂಳೆ ಅಂಚಲ್ಲಿ ಹೊಸದಾಗಿ ಮೂಳೆ ಬೆಳೀತಾ ಇದೆ, ಅದೇ ನೋವು. ಮಿಸೆಸ್ ಟಿಜ್ಜರ್ಡ್, ಇವನಿಗೆ ಏನೇನು ತಿನ್ನಿಸ್ತೀರ? ಒಂದೂ ಬಿಡದೆ ಹೇಳಿ."

ಆಲ್ಮಾ ಹೇಳಿದಳು. ಕಾಡ್ ಲಿವರ್ ಎಣ್ಣೆ ಎಂದ ಕೂಡಲೇ ಡಾಕ್ಟರ ಪೆನ್ನು ನಿಂತಿತು.

"ಎಷ್ಟು?"

"ಒಂಚೂರು."

ಡಾಕ್ಟರ್ ಎದ್ದು ಒಂದು ಬಟ್ಟಲನ್ನೂ ನೀರಿನ ಬಾಟಲಿಯನ್ನೂ ಅವಳ ಮುಂದಿಟ್ಟಳು. "ಮನೇಲಿ ಹೇಗೆ ಹಾಕ್ತೀರೋ ಹಾಗೇ ಹಾಕಿ ತೋರಿಸಿ."

ಆಲ್ಮಾ ಬಾಟಲಿ ಬಗ್ಗಿಸಿದಳು. ಡಾಕ್ಟರ್ ಬಟ್ಟಲಿನ ನೀರನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು ಎಳೆದು ಅಳೆದಳು. "ನಾಲ್ಕು ದೊಡ್ಡ ಚಮಚ. ದಿನಕ್ಕೆ ಎರಡು ಸಲ ಅಂದ್ರೆ ಎಂಟು."

"ನಮ್ಮಮ್ಮ ನಮಗೆಲ್ಲ ಕುಡಿಸ್ತಿದ್ಲು. ಯಾರೂ ಸತ್ತಿಲ್ಲ."

"ನಿಮ್ಮಮ್ಮ ಎಂಟು ಚಮಚ ಕುಡಿಸ್ತಿದ್ರಾ?"

ಆಲ್ಮಾ ನೀರಿನ ಬಾಟಲಿಗೆ ಮುಚ್ಚಳ ಹಾಕಿದಳು.

"ಇದೊಂದೇ ಕಾರಣ ಸಾಲ್ದು," ಎಂದು ಡಾಕ್ಟರ್ ಕಾಗದ ನೋಡುತ್ತ ಹೇಳಿದಳು. "ಇಷ್ಟು ಬೇಗ ಹೀಗಾಗಬೇಕಾದ್ರೆ ಇನ್ನೇನೋ ಇರಬೇಕು. ಬೇರೆ ಯಾರಾದ್ರೂ ಏನಾದ್ರೂ ಕೊಡ್ತಾರಾ?"

"ಯಾರೂ ಇಲ್ಲ. ನನ್ನ ನಾಯಿಗೆ ನಾನೇ ಹಾಕೋದು."

ಸೆಲ್ಬಿ ಕೆಮ್ಮಿದ.

ಇಬ್ಬರು ಹೆಂಗಸರೂ ಅವನತ್ತ ತಿರುಗಿದರು.

"ಸೀಲ್ ಲಿವರ್," ಎಂದ ಸೆಲ್ಬಿ ತನ್ನ ಟೋಪಿಗೆ ಹೇಳುವಂತೆ. "ಹೋದ ವಸಂತದಲ್ಲಿ ಸೀಲ್ ಬೇಟೆಗೆ ಹೋಗಿದ್ನಲ್ಲ, ಫ್ರೀಜರ್ ತುಂಬ ಇದೆ. ನನಗೆ ಲಿವರ್ ಸೇರಲ್ಲ. ದಿನಾ ಮಧ್ಯಾಹ್ನ ಬಂದು ಬಾಗಿಲ ಹತ್ರ ಕೂರ್ತಾನೆ ಪಾಪ. ಒಂದು ಅಂಗೈಯಷ್ಟು ಕೊಡ್ತೀನಿ."

"ದಿನಾ?"

"ಭಾನುವಾರ ಎರಡು."

"ಒಂದು ವರ್ಷದಿಂದ ನನ್ನ ನಾಯಿಗೆ ಕದ್ದು ತಿನ್ನಿಸ್ತಿದ್ದೀಯಾ?" ಎಂದಳು ಆಲ್ಮಾ.

"ಕದ್ದು ಏನಿಲ್ಲ ಅತ್ತಿಗೆ. ಅತ್ತಿಗೆಗೆ ಹೇಳ್ಬೇಡ ಅಂತ ಅವನಿಗೇ ಹೇಳಿದ್ದೆ. ಅವನು ಮಾತು ಉಳಿಸಿಕೊಂಡ."

ಡಾಕ್ಟರ್ ಕೀಪಿಂಗ್ ನಗು ತಡೆಯಲು ಕಿಟಕಿಯ ಕಡೆ ನೋಡಿದಳು. ಆಮೇಲೆ ವಿವರಿಸಿದಳು. ಲಿವರಿನಲ್ಲಿ ಎ ಜೀವಸತ್ವ ತುಂಬಿರುತ್ತದೆ, ಸೀಲ್‌ನಂಥ ಕಡಲ ಪ್ರಾಣಿಯ ಲಿವರಿನಲ್ಲಂತೂ ಹೇಳತೀರದಷ್ಟು. ಬೇಡದ ಬೇರೆ ಕೆಲವು ಸತ್ವಗಳ ಹಾಗೆ ಅದು ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ಮೈಯಲ್ಲೇ ಕೂಡುತ್ತ ಹೋಗಿ ಕೊನೆಗೆ ಮೂಳೆಯ ಮೇಲೆ ಸೇಡು ತೀರಿಸಿಕೊಳ್ಳುತ್ತದೆ.

"ಎಣ್ಣೆ ಕೆಟ್ಟಿರಲಿಲ್ಲ ಅಂತಾಯ್ತು," ಎಂದಳು ಆಲ್ಮಾ.

"ಎಣ್ಣೆ ಚೆನ್ನಾಗೇ ಇತ್ತು. ಅದು ಲಿವರ್ ಎಣ್ಣೆ ಆಗಿದ್ದೇ ತಪ್ಪಾಯ್ತು. ನಾನು ಹೇಳಿದ್ದು ಮೀನಿನ ಮೈಯಿಂದ ತೆಗೆದ ಎಣ್ಣೆ. ಎರಡೂ ಒಂದೇ ಮೀನಿಂದ ಬಂದ್ರೂ ಎರಡೂ ಒಂದೇ ಅಲ್ಲ. ಸಾಲ್ಮನ್ ಎಣ್ಣೆಯಿಂದ ಅಷ್ಟು ಚೆನ್ನಾಗಿದ್ದ, ಅದನ್ನ ಯಾಕೆ ಬಿಟ್ರಿ?"

ಆಲ್ಮಾ ಕೈಚೀಲದ ಕೊಂಡಿಯನ್ನು ತೆಗೆದು ಮತ್ತೆ ಹಾಕಿದಳು. "ಅಂಗಡಿ ಎಣ್ಣೆ ಮೇಲೆ ನನಗೆ ನಂಬಿಕೆ ಇಲ್ಲ."

"ಹೋಗ್ಲಿ. ಇವತ್ತಿಂದ ಎಣ್ಣೆ ಬಂದ್, ಲಿವರ್ ಬಂದ್. ನೋವಿಗೆ ಮಾತ್ರೆ ಕೊಡ್ತೀನಿ. ರಕ್ತ ಪರೀಕ್ಷೆಗೆ ಕಳಿಸ್ತೀನಿ, ಹತ್ತು ದಿನ ಆಗುತ್ತೆ. ಮೂಳೆ ಇನ್ನೂ ಬೆಸೆದುಕೊಂಡಿಲ್ಲ, ನೀವು ಸರಿಯಾದ ಹೊತ್ತಿಗೇ ಬಂದಿದ್ದೀರ. ಬಹಳ ಮಟ್ಟಿಗೆ ಸರಿಹೋಗ್ತಾನೆ ಅನ್ಸುತ್ತೆ."

"ಅನ್ಸುತ್ತಾ, ಸರಿಹೋಗ್ತಾನಾ?"

"ಸರಿಹೋಗ್ತಾನೆ," ಎಂದಳು ಡಾಕ್ಟರ್.

ವಾಪಸು ಬರುವಾಗ ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ಸೆಲ್ಬಿ ಗಾಡಿ ನಿಲ್ಲಿಸಿದ. ಆಲ್ಮಾ ಗ್ರೇವಿ ಸುರಿದ ಒಂದು ತಟ್ಟೆ ಆಲೂಗಡ್ಡೆ ಚಿಪ್ಸ್ ತಿಂದಳು, ಸೆಲ್ಬಿಯ ತಟ್ಟೆಯಲ್ಲಿ ಉಳಿದಿದ್ದನ್ನೂ ಎಳೆದುಕೊಂಡಳು. ಅವಳ ನಾಲಿಗೆಗೆ ಅದು ಬಿಸಿ ಮತ್ತು ಉಪ್ಪು ಮಾತ್ರ. ಆದರೂ ಹದಿನೈದು ದಿನದಲ್ಲಿ ಅವಳು ಹೊಟ್ಟೆ ತುಂಬ ತಿಂದದ್ದು ಅದೇ. ತಿನ್ನುವ ನಡುವೆ ಅವನನ್ನು ಬೈದಳು, ಚಹಾ ಕುಡಿದಳು, ಮತ್ತೆ ಬೈದಳು. ಸೆಲ್ಬಿಗೆ ಆ ಬೈಗುಳ ಹಿತವಾಗಿಯೇ ಕೇಳಿಸಿತು. ಹೋಗುವಾಗ ಅವಳು ಒಂದು ಮಾತೂ ಆಡಿರಲಿಲ್ಲ.

ಹತ್ತನೆಯ ದಿನ ಫೋನ್ ಬಂತು. ರಕ್ತದಲ್ಲಿ ಎ ಜೀವಸತ್ವ ಮಿತಿಮೀರಿತ್ತು, ಬೇರೆಲ್ಲ ಸರಿಯಿತ್ತು. ಆಲ್ಮಾ ಫೋನಿಟ್ಟು ಹೊರಗೆ ಹೋಗಿ, ಒಣಗಿಸಿದ ಬಟ್ಟೆಯನ್ನು ತೆಗೆದು, ಮಡಿಸಿ, ಮಡಿಸಿದ್ದನ್ನೇ ಮತ್ತೆ ಒದರಿ ಮಡಿಸಿದಳು. ಆಮೇಲೆ ಬೇಲಿಯಾಚೆ ಕೂಗಿದಳು. "ಸೆಲ್ಬೀ! ನಾಯಿ ಬದುಕ್ತು ಕಣೋ! ಆ ಫ್ರೀಜರಿಗೆ ಬೀಗ ಹಾಕು!"

ಡಫ್ ನಿಧಾನವಾಗಿ ಸುಧಾರಿಸಿತು. ಮೇ ಮಧ್ಯದಲ್ಲಿ ಒಂದು ಬೆಳಗ್ಗೆ ದಾರಿಯಲ್ಲಿ ನಿಂತ ನೀರಿಗೆ ತಾನಾಗಿ ತಲೆ ಬಗ್ಗಿಸಿ ಕುಡಿಯಿತು. ಆಲ್ಮಾ ಕೊಳಕು ನೀರು ಕುಡಿಯಬೇಡವೆಂದು ಯಾವಾಗಲೂ ಗದರಿಸುವವಳು. ಆ ದಿನ ಅದು ಕುಡಿದು ಮುಗಿಸುವವರೆಗೆ ತೆಪ್ಪಗೆ ನಿಂತಿದ್ದಳು. ಆದರೆ ಎಣ್ಣೆಯಿಲ್ಲದೆ ಚರ್ಮ ಮತ್ತೆ ಒಣಗಿತ್ತು, ರಾತ್ರಿಯ ಕೆರೆತ ಮತ್ತೆ ಶುರುವಾಗಿತ್ತು. ಜೂನ್‌ನಲ್ಲಿ ಮತ್ತೆ ತೋರಿಸಿದಾಗ ಡಾಕ್ಟರ್ ಎಣ್ಣೆಗೆ ಒಪ್ಪಿಗೆ ಕೊಟ್ಟು, ಒಂದು ಚೀಟಿ ಬರೆದಳು.

"ಹೆರಿಂಗ್, ಸಾರ್ಡೀನ್, ಆಂಚವಿ, ಸಾಲ್ಮನ್, ಯಾವುದಾದ್ರೂ ಸರಿ, ಲಿವರ್ ಅನ್ನೋ ಪದ ಮಾತ್ರ ಇರಬಾರದು. ಚಿಕ್ಕ ಬಾಟಲಿ, ಕಂದು ಬಣ್ಣದ್ದು. ತೆರೆದ ಮೇಲೆ ಫ್ರಿಜ್ಜಲ್ಲಿ. ಮೊದಲ ವಾರ ದಿನಕ್ಕೆ ಕಾಲು ಚಮಚ, ಆಮೇಲೆ ನಿಧಾನಕ್ಕೆ ಒಂದು. ಚಹಾ ಚಮಚ, ಮಿಸೆಸ್ ಟಿಜ್ಜರ್ಡ್. ಮುಖ್ಯವಾದದ್ದು, ಹಾಕೋ ಮುಂಚೆ ಮೂಸಿ. ಮೀನಿನ ವಾಸನೆ ಬಂದ್ರೆ ಸರಿ. ಪೇಂಟ್ ಥರ, ಹಳೇ ಕರಿದೆಣ್ಣೆ ಥರ ಬಂದ್ರೆ ಚೆಲ್ಲಿಬಿಡಿ. ನಿಮಗೇನು ಹೇಳೋದು, ನಿಮ್ಮ ಮೂಗಿನ ವಿಷಯ ಇಡೀ ಕರಾವಳಿಗೇ ಗೊತ್ತು."

"ಗೊತ್ತಿರುತ್ತೆ," ಎಂದಳು ಆಲ್ಮಾ.

ಅಂಗಡಿಯ ಕಪಾಟಿನಲ್ಲಿ ನಾಲ್ಕು ಬಗೆಯ ಎಣ್ಣೆಗಳಿದ್ದವು. ಆಲ್ಮಾ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ತಿರುಗಿಸಿ ಓದಿದಳು. ಸೆಲ್ಬಿ ಒಂದು ಲೀಟರಿನ ಡಬ್ಬ ಎತ್ತಿಕೊಂಡ.

"ಅತ್ತಿಗೆ, ಇದು ಸಾಲ್ಮನ್. ಕ್ರಿಸ್‌ಮಸ್‌ವರೆಗೂ ಬರುತ್ತೆ."

"ಅದಕ್ಕೇ ಬೇಡ. ತೆರೆದ ಎಣ್ಣೆ ಕ್ರಿಸ್‌ಮಸ್‌ವರೆಗೆ ಇಟ್ರೆ ಕಮಟು ಹತ್ತಲ್ವಾ? ಇಡು."

"ಇದು ಅಗಸೆ ಬೀಜದ್ದು. ಮೀನೇ ಇಲ್ಲ, ಗಲಾಟೆನೇ ಇಲ್ಲ."

"ನಾಯಿ ಮೈಗೆ ಅದು ಅಷ್ಟಾಗಿ ಹತ್ತಲ್ವಂತೆ. ಚೀಟಿಲಿ ಬರೆದಿದಾಳೆ."

"ನೀವ್ಯಾವಾಗಿಂದ ಚೀಟಿ ಓದೋಕೆ ಶುರು ಮಾಡಿದ್ರಿ?"

ಆಲ್ಮಾ ಕನ್ನಡಕ ಮೇಲಕ್ಕೆ ಸರಿಸಿದಳು. ಮೂರನೆಯ ಬಾಟಲಿಯ ಮೇಲೆ ಚೆಂದದ ನಾಯಿಯ ಚಿತ್ರವಿತ್ತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕಾಡ್ ಲಿವರ್ ಎಂದಿತ್ತು. ಅದನ್ನು ಮುಖ ಗೋಡೆಗೆ ತಿರುಗಿಸಿ ಇಟ್ಟಳು. ನಾಲ್ಕನೆಯದು ಅಂಗೈಯಷ್ಟು ಕಂದು ಬಾಟಲಿ: ಸಾರ್ಡೀನ್ ಮತ್ತು ಆಂಚವಿ, ಚಮಚಕ್ಕೆ ಎಷ್ಟು ಒಮೇಗಾ ಎಂದು ಅಂಕಿ ಸಮೇತ ಬರೆದಿತ್ತು, ಕೆಡದಂತೆ ಇ ಜೀವಸತ್ವ ಬೆರೆಸಿತ್ತು. ಬಾಟಲಿ ತುಂಬಿದ ತಿಂಗಳನ್ನು ಓದಿದಳು. ಎರಡು ತಿಂಗಳು ಹಿಂದಿನದು. ದುಡ್ಡು ಕೊಟ್ಟು ಅದನ್ನು ಕೈಚೀಲಕ್ಕಲ್ಲದೆ ಕೋಟಿನ ಒಳಜೇಬಿಗೆ ಹಾಕಿಕೊಂಡಳು.

ಮನೆಗೆ ಬಂದಾಗ ಸಂಜೆಯ ಬಿಸಿಲು ಅಡುಗೆಮನೆಯ ನೆಲದ ಮೇಲೆ ಬಿದ್ದಿತ್ತು. ಸೆಲ್ಬಿ ಟಿನ್ ಹಾಲು ಹಾಕಿದ ಚಹಾ ಹಿಡಿದು ಮೇಜಿನ ಬಳಿ ಕುಳಿತ. ಡಫ್ ಬಾಟಲಿಯನ್ನೇ ನೋಡುತ್ತ ಬಾಲ ಬಡಿಯಿತು. ಬಕೆಟ್ ಒಂದು ವಾರದ ಹಿಂದೆಯೇ ಹೊರಗೆ ಹೋಗಿತ್ತು, ತಟ್ಟೆ ಈಗ ನೆಲದ ಮೇಲಿತ್ತು. ಆಲ್ಮಾ ಮುಚ್ಚಳ ತಿರುಗಿಸಿ ತೆಗೆದು, ಹಳೆಯ ರೂಢಿಯಂತೆ ಬಾಟಲಿಯನ್ನು ಮೂಗಿನ ಕೆಳಗೆ ಹಿಡಿದಳು. ಕೊಳಾಯಿ ನೀರಿನಷ್ಟೂ ವಾಸನೆ ಬರಲಿಲ್ಲ.

"ಹೆಬ್ಬೆರಳು ಮೇಲೋ ಕೆಳಗೋ?" ಎಂದು ಸೆಲ್ಬಿ ಕೇಳಿದ.

ಅವಳು ಮೇಲೆ ಎಂದು ತೋರಿಸಿದ್ದರೆ ಆಗಿಹೋಗುತ್ತಿತ್ತು. ಎರಡು ವರ್ಷದಿಂದ ಊರಿಗೆಲ್ಲ ಅದನ್ನೇ ತೋರಿಸಿದ್ದಳು. ಅವಳು ಬಾಟಲಿಯನ್ನು ಮೇಜಿನ ಮೇಲೆ, ಅವನ ಬಟ್ಟಲಿನ ಪಕ್ಕಕ್ಕೆ ತಳ್ಳಿದಳು.

"ಮೂಸು."

"ನಾನಾ?"

"ಇಲ್ಲಿ ಇನ್ಯಾರಿದ್ದಾರೆ?"

"ಎಂಬತ್ತೇಳರಲ್ಲಿ ನನ್ನ ಇಡೀ ದೋಣಿ ಮೀನನ್ನ..."

"ಬಿಸಿಲಲ್ಲಿಟ್ಟಿದ್ದೆ, ಈಗಲೂ ಹೇಳ್ತೀನಿ. ನನಗೆ ವಾಸನೆ ಬರಲ್ಲ ಸೆಲ್ಬಿ. ಆ ಜ್ವರ ಬಂದಿತ್ತಲ್ಲ, ಅವತ್ತಿಂದ. ಮೂಸಿ ಹೇಳು."

ಸೆಲ್ಬಿ ಚಹಾ ದೂರ ಸರಿಸಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಬಾಟಲಿ ಎತ್ತಿಕೊಂಡ. ಒಂದು ಸಲ ಮೂಸಿದ. ಕಿಟಕಿಯ ಬಳಿ ಹೋಗಿ ಹೊರಗಿನ ಗಾಳಿ ಎಳೆದುಕೊಂಡು ಬಂದು ಮತ್ತೊಮ್ಮೆ ಮೂಸಿದ. ಹಿಂದೆ ಕಾರ್ಖಾನೆಯಲ್ಲಿ ಅವಳು ಪ್ರತಿ ಹತ್ತು ಪೆಟ್ಟಿಗೆಗೊಮ್ಮೆ ಬಾಗಿಲಿಗೆ ಹೋಗಿ ಮಾಡುತ್ತಿದ್ದುದು ಹಾಗೆಯೇ.

"ಮೀನು," ಎಂದ. "ಹಸಿ ಮೀನು. ಪೇಂಟಿಲ್ಲ, ಕಮಟಿಲ್ಲ. ಚೆನ್ನಾಗಿದೆ ಅತ್ತಿಗೆ."

ಆಲ್ಮಾ ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡು, ಮತ್ತೆ ಮೂಗಿಗೆ ಹಿಡಿಯದೆ, ಕಾಲು ಚಮಚ ಅಳೆದು ಡಫ್‌ನ ತಟ್ಟೆಗೆ ಹಾಕಿದಳು.